ಕಾಯವ್ವನ ಗುಡ್ಡ

ಕರೇಗಲ್ಲ ಸ್ಟೇಶನ್ನಿನ ಹಿಂದೆ ಒಂದು ಬೋಳುಗುಡ್ಡವಿದೆ. ನೆತ್ತಿಯ ಮೇಲೆ ಗುಡಿಯಿಲ್ಲ, ಕಟ್ಟೆಯಿಲ್ಲ. ಕಣ್ಣುಮೂಗು ಕೆತ್ತದ ಮೊಣಕಾಲೆತ್ತರದ ಕಲ್ಲೊಂದು ಅರಿಶಿನ ಬಳಿದುಕೊಂಡು ನಿಂತಿದೆ. ಇದಕ್ಕೆ ಕಾಯವ್ವನ ಗುಡ್ಡ ಎಂದು ಹೆಸರು. ಮಕ್ಕಳನ್ನು ಕಾಯುವ ಅವ್ವ, ಅದಕ್ಕೇ ಕಾಯವ್ವ ಎಂದು ಈಚಿನವರು ಬಿಡಿಸಿ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನನ್ನ ಮುತ್ತಜ್ಜಿ ಹೇಳುತ್ತಿದ್ದದ್ದು ಬೇರೆಯೇ.

ಹಿಂದೆ ಒಮ್ಮೆ, ಇಲ್ಲಿ ರೈಲುದಾರಿ ಹಾಕುವ ಕಾಲಕ್ಕೆ, ಕಲ್ಲು ಒಡೆಯಲು ತೆಲುಗು ಸೀಮೆಯಿಂದ ಕೂಲಿಗಳು ಬಂದಿದ್ದರಂತೆ. ಬೇಸಿಗೆಯಲ್ಲಿ ಅವರ ಗುಡಿಸಲುಗಳಿಗೆ ವಾಂತಿಭೇದಿ ಹೊಕ್ಕಿತು. ಊರಲ್ಲಿ ದವಾಖಾನೆಯೇನೋ ಇತ್ತು. ಆದರೆ ಊರವರದೆಲ್ಲ ಮುಗಿದ ಮೇಲೆಯೇ ಪರಸ್ಥಳದವರಿಗೆ ಬಾಗಿಲು. ಕೂಲಿಯ ಹೆಂಗಸೊಬ್ಬಳು ತನ್ನ ಒಬ್ಬಳೇ ಮಗಳನ್ನು ಎತ್ತಿಕೊಂಡು, "ಈದಮ್ಮಾ, ಈದಮ್ಮಾ" ಎಂದು ಅದರ ಹೆಸರು ಹಿಡಿದು ಕೂಗುತ್ತ ಬಂದಳು. ಕೂಸಿನ ಕಣ್ಣು ಗುಳಿಬಿದ್ದಿತ್ತು. ಬಾಗಿಲ ಸಿಪಾಯಿ ಬಸಲಿಂಗ ಕೈ ಅಡ್ಡ ಹಿಡಿದು, "ಮೊದ್ಲ ಊರವ್ರದು ಆಗ್ಲಿ. ನೀ ಕಾಯವ್ವಾ, ಕಾಯಿ!" ಎಂದ. ತಡಿ ಎಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಕನ್ನಡ ಬಾರದ ಅವಳಿಗೆ ತಿಳಿದದ್ದು ಆ ಕಾಯಿ ಒಂದೇ. ಅವಳ ಪಾಲಿಗೆ ಅದು ದೇವರಿಗೆ ಒಡೆಯುವ ತೆಂಗಿನಕಾಯಿ. ಜನ ಕೈಮುಗಿದು ಒಳಹೋಗಿ ಸೀಸೆಯಲ್ಲಿ ಔಷಧದ ನೀರು ಹಿಡಿದು ಬರುವುದನ್ನು ಕಂಡು, ಇಲ್ಲೂ ಗುಡಿಯಂತೆ ಕಾಯಿ ಕೊಡಬೇಕೇನೋ ಎಂದುಕೊಂಡು, ತಾನು ಬರಿಗೈಲಿ ಬಂದೆನಲ್ಲ ಎಂದು ನಾಚಿದಳು ಪಾಪ. "ಕಾಯಾ?" ಎಂದಳು. "ಹೂಂ, ಕಾಯಿ" ಎಂದ ಅವನು. ಕೂಸನ್ನು ಬೇವಿನ ನೆರಳಲ್ಲಿ ಮಲಗಿಸಿ, ಸಂತೆಯೂರಿಗೆ ಓಡಿದಳು. ಈ ಎರೆಸೀಮೆಯಲ್ಲಿ ತೆಂಗಿನಕಾಯಿ ಎಲ್ಲೆಂದರಲ್ಲಿ ಸಿಗುತ್ತಿರಲಿಲ್ಲ.

ಡಾಕ್ಟರು ಕೆಲಸ ಮುಗಿಸಿ ಹೊರಬಂದಾಗ, "ಯಾರದಿದು ಕೂಸು?" ಎಂದು ಕೇಳಿದರಂತೆ. "ಅವರವ್ವ ಬಿಟ್ಟು ಓಡಿಹೋದ್ಲರೀ" ಎಂದ ಬಸಲಿಂಗ. ದಿಕ್ಕಿಲ್ಲದ ಪರದೇಶಿ ಕೂಸು. ಮುಟ್ಟದೆ ಟಾಂಗಾ ಹತ್ತಿದರು. ಹೊತ್ತು ಮುಳುಗುವಾಗ ತಾಯಿ ಏದುಸಿರು ಬಿಡುತ್ತ ಬಂದು, ಎರಡೂ ಕೈಯಲ್ಲಿ ತೆಂಗಿನಕಾಯಿಯನ್ನು ಅವನ ಮುಂದೆ ಹಿಡಿದಳು. "ಕಾಯ ತೆಚ್ಚಿನಾನಯ್ಯಾ!" ಎಂದಳು. ಬಸಲಿಂಗನಿಗೆ ಆಗ ತಿಳಿಯಿತು. ಬೇವಿನ ಕೆಳಗೆ ಕೂಸು ತಣ್ಣಗಾಗಿತ್ತು.

ಊರ ಮಸಣದಲ್ಲೂ ಪರಸ್ಥಳದವರಿಗೆ ಜಾಗ ಕೊಡಲಿಲ್ಲ. ಗುಡ್ಡದ ಮೇಲೆ ಹೂತರು. ತಾಯಿ ಅಲ್ಲಿಂದ ಏಳಲಿಲ್ಲ, ಕೂತಲ್ಲೇ ತೀರಿಕೊಂಡಳು ಎನ್ನುತ್ತಾರೆ. ಆ ಜಾಗದಲ್ಲಿ ಕಲ್ಲು ನೆಟ್ಟವನು ಬಸಲಿಂಗನೇ. ಅವಳ ಹೆಸರನ್ನು ಅವನು ಕೇಳಿರಲಿಲ್ಲ; ಅಂದು ಬಾಗಿಲಲ್ಲಿ ಕರೆದಂತೆಯೇ ಕರೆದ.

ಈಗಲೂ ಮಕ್ಕಳಿಗೆ ಬೇನೆಯಾದರೆ ತಾಯಂದಿರು ಈ ಗುಡ್ಡ ಹತ್ತುತ್ತಾರೆ. ಮಗುವನ್ನು ಕಲ್ಲಿನ ಮುಂದೆ ಮಲಗಿಸಿ, ಸೆರಗೊಡ್ಡಿ, "ಕಾಯವ್ವಾ, ಕಾಯಿ!" ಎಂದು ಅವಳನ್ನೇ ಬೇಡುತ್ತಾರೆ.