ಗಂಜಿಯ ಮೇಲೆ ತೇಲಿದ ಎಣ್ಣೆ

"ಗುರುಗಳೇ, ನನ್ನ ತಂಗಿ ಉಣ್ಣುವುದಿಲ್ಲ. ಕೇಳಿದರೆ ಉಂಡೆ ಎನ್ನುತ್ತಾಳೆ. ಮನೆಗೆ ಹೋದಾಗಲೆಲ್ಲ ಅವಳು ಮಡಿಸಿಟ್ಟ ಊಟದ ಎಲೆಯನ್ನು ಬಿಡಿಸಿ ನೋಡುತ್ತೇನೆ. ಅವಳ ಸುಳ್ಳನ್ನು ಹಿಡಿಯುವುದು ಹೇಗೆ?" ಎಂದು ಶಿಷ್ಯನು ಕೇಳಿದನು.

ಗುರುಗಳು ಒಂದು ಕತೆ ಹೇಳಿದರು.

ಗಾಣ ನಡೆಸುವ ಒಬ್ಬ ವಿಧವೆಗೆ ಒಬ್ಬಳೇ ಮಗಳು. ಮೈ ಬಂದು ದಪ್ಪಗಾದೇನೆಂಬ ಭಯ ಹೊಕ್ಕು ಆ ಹುಡುಗಿ ಅನ್ನವನ್ನು ಕದ್ದು ಎಸೆಯತೊಡಗಿದಳು. ತಾಯಿ ಕಾವಲು ಕೂತಳು. ಚಾಪೆ ಎತ್ತಿ ನೋಡುವಳು. ಇರುವೆಯ ಸಾಲು ಕಂಡರೆ ಅದರ ಹಿಂದೆಯೇ ಹೋಗುವಳು. ಒಮ್ಮೆ ಆ ಸಾಲು ಒರಳಿನ ಹಿಂದೆ ಅಡಗಿಸಿಟ್ಟ ತುತ್ತುಗಳಿಗೆ ಮುಟ್ಟಿತು. ಅಂದಿನಿಂದ ಅವಳು ಮಗಳ ಒಂದು ಮಾತನ್ನೂ ನಂಬಲಿಲ್ಲ. ಮಗಳು ಗಂಜಿಯನ್ನಷ್ಟೇ ಕುಡಿಯುವೆನೆಂದಾಗ, ಅದಕ್ಕೆ ಗುಟ್ಟಾಗಿ ಎಳ್ಳೆಣ್ಣೆ ಬೆರೆಸಿದಳು.

ಮಗಳು ಬಟ್ಟಲನ್ನು ಬೆಳಕಿಗೆ ಹಿಡಿದಳು.

"ಇದಕ್ಕೇನು ಹಾಕಿದ್ದೀಯ, ಅವ್ವ?"

"ಏನೂ ಇಲ್ಲ, ಮಗಳೇ."

"ಹಾಗಾದರೆ ಇಲ್ಲಿ ತೇಲುತ್ತಿರುವುದೇನು, ನಿನ್ನ ಕಣ್ಣೇ?"

ಅಂದು ಅವಳು ಗಂಜಿಯನ್ನೂ ಬಿಟ್ಟಳು. ಬರಬರುತ್ತ ಗೋಡೆ ಹಿಡಿಯದೆ ನಡೆಯಲಾರದಾದಳು.

ತಾಯಿ ವೈದ್ಯನೊಬ್ಬನನ್ನು ಕರೆತಂದಳು. ಅವನು ಇಂಥ ಬೇನೆಯವರ ಮನೆಗಳಲ್ಲಿ ಊಟದ ಹೊತ್ತಿಗೆ ಕೂತು, ನೋಡಿ ಕಲಿತವನು. ಮದ್ದಿನ ಚೀಲವನ್ನು ಅವನು ಬಿಚ್ಚಲೇ ಇಲ್ಲ. ಇವನೂ ಮೋಸಗಾರನೇ ಇರಬೇಕು ಎಂದುಕೊಂಡಳು ತಾಯಿ.

"ಬೇನೆ ಅವಳಿಂದ ಸುಳ್ಳಾಡಿಸುತ್ತದೆ ತಾಯೀ, ನಿನ್ನ ಸಂಶಯ ತಪ್ಪಲ್ಲ. ಆದರೆ ನೀನು ಉಣ್ಣುವುದು ಯಾವಾಗ?" ಎಂದನು ವೈದ್ಯ.

"ಅವಳದಾದ ಮೇಲೆ, ಒಲೆಯ ಮುಂದೆ. ನಾನೂ ಉಣ್ಣುತ್ತ ಕೂತರೆ ಅವಳ ಕೈ ನೋಡುವವರಾರು?"

"ಎಣ್ಣೆಯನ್ನು ಅವಳ ಎದುರಿಗೇ ಹಾಕು. ಅದೇ ಪಾತ್ರೆಯ ಗಂಜಿಯನ್ನು ನೀನೂ ಬಡಿಸಿಕೊಂಡು ಪಕ್ಕದಲ್ಲಿ ಕೂತು ಕುಡಿ. ಬೈದರೆ ಬೈಯಲಿ, ಏಳಬೇಡ."

ತಾಯಿಗೆ ನಂಬಿಕೆ ಬರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಹಾಗೆಯೇ ಮಾಡಿದಳು. ಹುಡುಗಿ ಅತ್ತಳು, ಬಟ್ಟಲನ್ನು ತಳ್ಳಿದಳು, ಬಾಯಿಗೆ ಬಂದಂತೆ ಬೈದಳು. ತಾಯಿ ಏಳಲಿಲ್ಲ. ಗಂಜಿ ಆರಿತು. ಕೊನೆಗೆ ಹುಡುಗಿ ತಾಯಿಯ ಬಟ್ಟಲಿನೊಳಗೆ ಇಣುಕಿದಳು. ಅಲ್ಲಿಯೂ ಎಣ್ಣೆ ತೇಲುತ್ತಿತ್ತು. ಅವಳು ಒಂದು ಗುಟುಕು ಕುಡಿದಳು. ಮರುದಿನ ಮತ್ತೆ ಜಗಳ, ಮತ್ತೆ ಗುಟುಕು. ಅವಳು ಗೋಡೆ ಬಿಟ್ಟು ನಡೆಯಲು ಒಂದು ಮಳೆಗಾಲವೇ ಹಿಡಿಯಿತು.

"ಆಮೇಲಾದರೂ ಆ ತಾಯಿ ಚಾಪೆ ಎತ್ತಿ ನೋಡುವುದನ್ನು ಬಿಟ್ಟಳೇ?" ಎಂದನು ಶಿಷ್ಯ.

"ಇಲ್ಲ. ಈಗ ಉಂಡ ಕೈಯಲ್ಲಿ ಎತ್ತಿ ನೋಡುತ್ತಾಳೆ" ಎಂದು ಗುರುಗಳು ಅವನ ಮುಖ ನೋಡಿದರು. "ತಂಗಿಯ ಎಲೆಯನ್ನು ಬಿಡಿಸಿ ನೋಡುತ್ತೀಯಲ್ಲ, ಅದರ ಪಕ್ಕದಲ್ಲಿ ನಿನ್ನ ಎಲೆಯನ್ನು ಎಂದಾದರೂ ಹಾಕಿದ್ದೀಯಾ?"