ಎರಡನೇ ಡಿಕಾಕ್ಷನ್

ಪುಟ್ಟಸ್ವಾಮಯ್ಯ ನಲವತ್ತು ವರ್ಷ ಕಾಫಿ ಅಂಗಡಿ ನಡೆಸಿದವರು. ವಯಸ್ಸಾಯಿತು. ಅಂಗಡಿಯನ್ನು ಶಿಷ್ಯ ಲಿಂಗರಾಜುವಿಗೆ ಬಿಟ್ಟುಕೊಡುವ ಮೊದಲು ಒಂದು ಪರೀಕ್ಷೆ ಇಟ್ಟರು.

"ಅಡುಗೆಮನೆಯಲ್ಲಿ ಯಾರು ಬೇಕಾದ್ರೂ ಕಾಫಿ ಮಾಡ್ತಾರೆ ಕಣೋ. ಬೆಟ್ಟದ ಮೇಲೆ, ಗಾಳಿಯಲ್ಲಿ, ಮೂರು ಕಲ್ಲಿನ ಒಲೆಯಲ್ಲಿ ಮಾಡಿ ತೋರಿಸು. ಮೆಚ್ಚಿದ್ರೆ ಅಂಗಡಿ ನಿಂದು."

ಬೆಟ್ಟ ಹತ್ತಿದವರು ಮೂವರು. ಊರಿನವರು ಮಾತ್ರ ಇಬ್ಬರು ಹೋದರು ಅಂದರು. ಡೇರೆ, ಪಾತ್ರೆ, ನೀರು, ಹಾಲಿನ ಕ್ಯಾನು ಎಲ್ಲವನ್ನೂ ಹೊತ್ತ ಚೌಡಮ್ಮನನ್ನು ಯಾರೂ ಎಣಿಸಲಿಲ್ಲ. ಕೂಲಿಯವಳಲ್ಲವೇ!

ಡೇರೆಯಲ್ಲಿ ರಾತ್ರಿ ಕಳೆಯಿತು. ಬೆಳಿಗ್ಗೆ ಹಲ್ಲು ಕಟಕಟ ಎನ್ನುವ ಚಳಿ. ಲಿಂಗರಾಜು ಗಾಳಿಗೆ ಅಡ್ಡವಾಗಿ ಕಲ್ಲು ಜೋಡಿಸಿ ಒಲೆ ಹೂಡಿದ. ಹೊಗೆ ವಾಸನೆ ಹತ್ತದಂತೆ ಹಾಲಿಗೆ ತಟ್ಟೆ ಮುಚ್ಚಿದ. ಫಿಲ್ಟರಿಗೆ ಪುಡಿ ಹಾಕಿ ಹದವಾಗಿ ಒತ್ತಿ, ಕುದಿನೀರು ಹೊಯ್ದು, ಆರದಿರಲೆಂದು ಫಿಲ್ಟರನ್ನೇ ಕಂಬಳಿಯಲ್ಲಿ ಸುತ್ತಿಟ್ಟ.

"ಕೂಸಿಗೆ ಚಳಿಯಾ?" ಎಂದು ಚೌಡಮ್ಮ ನಕ್ಕಳು.

ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯಿತು. ಬಿಸಿ ಹಾಲು ಬೆರೆಸಿ ಗುರುವಿನ ಕೈಗೆ ಲೋಟ ಕೊಟ್ಟ. ಪುಟ್ಟಸ್ವಾಮಯ್ಯ ಅದನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. "ಆಹಾ! ಗೆದ್ದೆ ಬಿಡೋ." ಕುಡಿಯದೆ, ಪರಿಮಳ ಸವಿಯುತ್ತ ಲೋಟ ಹಿಡಿದೇ ಕೂತರು.

ಆಮೇಲೆ ಲಿಂಗರಾಜು ಅದೇ ಹಳೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದ. ತೆಳ್ಳಗೆ ಇಳಿದ ಆ ಎರಡನೇ ಡಿಕಾಕ್ಷನ್ನಿನಲ್ಲಿ ಚೌಡಮ್ಮನಿಗೆ ಕಾಫಿ ಮಾಡಿಕೊಟ್ಟ. ಅಂಗಡಿಯ ನಿಯಮವೇ ಅದು. ಗಿರಾಕಿಗೆ ಮೊದಲನೆಯದು. ಕಸ ಗುಡಿಸುವವರಿಗೆ, ಮೂಟೆ ಹೊರುವವರಿಗೆ ಎರಡನೆಯದು.

ಚೌಡಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ತಮ್ಮಾ, ನಿಮ್ಮ ಹೊರೆನ ನಾನು ಅರ್ಧ ದಾರೀಲಿ ಇಳಿಸಿದ್ನಾ?"

"ಇಲ್ಲ ಅಕ್ಕ."

"ಮತ್ತೆ ನಂಗ್ಯಾಕೆ ಈ ಕಲಗಚ್ಚು? ನಮ್ಮ ಎಮ್ಮೆ ಮುಂದೆ ಇಟ್ರೂ ಮೂತಿ ತಿರುಗಿಸ್ತದೆ."

"ಬಾಯಿ ಜೋರು ನಿಂದು! ಕೊಟ್ಟಿದ್ದು ಕುಡಿ," ಎಂದು ಗದರಿದರು ಪುಟ್ಟಸ್ವಾಮಯ್ಯ.

ಲಿಂಗರಾಜು ಸುಮ್ಮನಿದ್ದರೆ ಸಾಕಿತ್ತು, ಅಂಗಡಿ ಅವನದೇ. ಆದರೆ ಮುಖ ಬಿಸಿಯಾಯಿತು. ಹಿಂದಿನ ದಿನ ಏರಿನಲ್ಲಿ ಅವಳ ಕುತ್ತಿಗೆಯ ನರ ಉಬ್ಬಿದ್ದನ್ನು ಅವನು ಕಂಡಿದ್ದ. ಎದ್ದ. ಇನ್ನೂ ತುಟಿಗೆ ತಾಗಿಸದ ಲೋಟವನ್ನು ಗುರುವಿನ ಕೈಯಿಂದಲೇ ತೆಗೆದುಕೊಂಡು ಚೌಡಮ್ಮನಿಗೆ ಕೊಟ್ಟ. ಫಿಲ್ಟರಿನಲ್ಲಿ ಉಳಿದಿದ್ದ ತೆಳು ಡಿಕಾಕ್ಷನ್ನಿಗೆ ಹಾಲು ಬೆರೆಸಿ ಗುರುವಿನ ಮುಂದೆ ಹಿಡಿದ.

"ಅಯ್ಯಾ, ಅಂಗಡಿ ಕೊಡದಿದ್ರೂ ಪರವಾಗಿಲ್ಲ. ಇದನ್ನ ಒಂದ್ಸಲ ಕುಡಿದು ನೋಡಿ."

ಪುಟ್ಟಸ್ವಾಮಯ್ಯ ಕೆಂಡವಾದರು. ಹಟಕ್ಕೆ ಬಿದ್ದು ಒಂದೇ ಸಲ ಬಾಯಿತುಂಬ ಸುರಿದುಕೊಂಡರು. ಮರುಕ್ಷಣವೇ ಪೊದೆಯತ್ತ ಉಗಿದರು.

"ಥೂ! ಇದನ್ನಾ ನಾನು ನಲವತ್ತು ವರ್ಷ ಜನಕ್ಕೆ ಕುಡಿಸಿದ್ದು?"

ಚೌಡಮ್ಮ ಬಿದ್ದು ಬಿದ್ದು ನಕ್ಕಳು. ಲಿಂಗರಾಜು ನಗು ತಡೆಯಲು ನೋಡಿದ, ಆಗಲಿಲ್ಲ. ಕೊನೆಗೆ ಮುದುಕರೂ ನಕ್ಕರು. ತಾವೇ ಮುಂಡಾಸು ಬಿಗಿದು ಒಲೆ ಊದಿದರು. ಉಳಿದ ಪುಡಿಯನ್ನೆಲ್ಲ ಹಾಕಿಸಿದರು. ಈ ಸಲ ಮೂರು ಲೋಟಕ್ಕೂ ಒಂದೇ ಡಿಕಾಕ್ಷನ್. ಬಿಸಿಲು ಏರುವವರೆಗೆ ಮೂವರೂ ಬಂಡೆಯ ಮೇಲೆ ಕೂತು ಸೊರ ಸೊರ ಕುಡಿದರು.

"ಅಂಗಡಿ ನಿಂದೇ ಕಣೋ," ಎಂದರು ಪುಟ್ಟಸ್ವಾಮಯ್ಯ. "ಆದ್ರೆ ಅಲ್ಲಿ ಎರಡನೇ ಡಿಕಾಕ್ಷನ್ ಕಂಡ್ರೆ ಅದನ್ನ ನಿಂಗೇ ಕುಡಿಸ್ತೀನಿ."

ಇಳಿಯುವಾಗ ಹೊರೆಯನ್ನು ಮೂರು ಪಾಲು ಮಾಡಿದರು.

ನೀತಿ: ಕಾಫಿ ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಹೊರೆ ಹೊತ್ತವರ ಲೋಟದಿಂದ ಕುಡಿದು ನೋಡಿ. ನಿಮ್ಮ ಗಂಟಲಲ್ಲಿ ಇಳಿಯದ್ದನ್ನು ದುಡಿಯುವವರಿಗೆ ಕೊಟ್ಟು ಅದನ್ನು ಉಪಕಾರ ಎನ್ನಬೇಡಿ. ಅದು ಅವರ ದುಡಿಮೆಯ ಕಳ್ಳತನ.