ಕರಡಿಯ ತೋಳಿನ ಮೇಲೊಂದು ಜೇನಹನಿ

ಜೇನು ಸವಿದಾಗಲೆಲ್ಲ ಮೋರೆ ಬಾತು ಉಸಿರು ಕಟ್ಟುತ್ತಿದ್ದ ಕರಡಿಯೊಂದು ಪರೀಕ್ಷೆಗಾಗಿ ವೈದ್ಯನಾದ ಮುಳ್ಳುಹಂದಿಯ ಬಳಿಗೆ ಬಂದಿತು. ಮುಳ್ಳುಹಂದಿಯು ಅದರ ತೋಳಿನ ಮೇಲೆ ಜೇನಿನ ಹನಿಯನ್ನೂ, ಯಾರ ಚರ್ಮವನ್ನಾದರೂ ಉಬ್ಬಿಸುವ ತುರಿಕೆ ಸೊಪ್ಪಿನ ರಸದ ಹನಿಯನ್ನೂ ಇಟ್ಟು, ತನ್ನ ಮುಳ್ಳಿನಿಂದ ಮೆಲ್ಲನೆ ಚುಚ್ಚಿ ಕಾದಿತು. ಎರಡು ಕಡೆಯೂ ಉಬ್ಬಲಿಲ್ಲ.

"ಹಾಗಾದರೆ ಜೇನು ನನಗೆ ಹಿತವೇ, ವೈದ್ಯರೇ?" ಎಂದಿತು ಕರಡಿ.

"ತುರಿಕೆ ಸೊಪ್ಪಿಗೂ ಉಬ್ಬದ ಚರ್ಮವುಂಟೇನಯ್ಯಾ? ತುರಿಕೆ ಅಡಗಿಸುವ ಮದ್ದು ಕುಡಿದು ಬಂದಿರುವೆ. ನನ್ನನ್ನು ವಂಚಿಸಬಹುದು, ನಿನ್ನ ಗಂಟಲನ್ನು ವಂಚಿಸಲಾದೀತೇ? ಮದ್ದಿನ ಬಲ ಇಳಿದ ಮೇಲೆ ಬಾ."

ಕರಡಿ ತಲೆ ತಗ್ಗಿಸಿ, "ಬರುತ್ತೇನೆ. ಅಲ್ಲಿಯವರೆಗೆ ಈ ಹನಿ ತೋಳಿನ ಮೇಲಿರಲಿ, ಮೂಸಿಕೊಂಡಾದರೂ ಇರುತ್ತೇನೆ" ಎಂದಿತು.

ಮುಳ್ಳುಹಂದಿಯು ಎಲೆಯೊಂದರಿಂದ ಅದನ್ನು ಒರೆಸಿ ಎಸೆಯಿತು. ಕರಡಿ ಆ ಎಲೆಯನ್ನೇ ನೋಡುತ್ತ ನಿಂತಿತು.